ಚರ್ಮ ಮರಳಿ ಬೆಳೆಯುವ ಬಗೆ: ಆಕರಕೋಶ ಚಿಕಿತ್ಸೆಯ ಪುರಾವೆ ಮತ್ತು ಭರವಸೆ



ಚರ್ಮದ ಕಾಯಿಲೆಗಳಿಗೆ ಆಕರಕೋಶಗಳಿಂದ, ಅಂದರೆ ಸ್ಟೆಮ್‌ಸೆಲ್‌ಗಳಿಂದ, ಚಿಕಿತ್ಸೆ ನೀಡುವ ವಿಚಾರ ಇಂದಿನ ಉಪನ್ಯಾಸದ ವಸ್ತು. ಸ್ಟೆಮ್‌ಸೆಲ್ ಎಂಬ ಮಾತು ಈಗ ಎರಡು ದಿಕ್ಕಿನಿಂದ ನಮ್ಮ ಕಿವಿಗೆ ಬೀಳುತ್ತಿದೆ. ಮೈಮೇಲಿನ ಚರ್ಮವನ್ನು ಬಹುಪಾಲು ಕಳೆದುಕೊಂಡ ಮಕ್ಕಳನ್ನು ಉಳಿಸಿದ ಆಸ್ಪತ್ರೆಗಳು ಆ ಮಾತನ್ನು ಆಡುತ್ತಿವೆ. ಸುಕ್ಕು ಅಳಿಸುತ್ತೇವೆ, ಮುಖಕ್ಕೆ ಕಾಂತಿ ತರುತ್ತೇವೆ, ಉದುರಿದ ಕೂದಲು ಬೆಳೆಸುತ್ತೇವೆ ಎನ್ನುವ ಜಾಹೀರಾತುಗಳೂ ಅದೇ ಮಾತನ್ನು ಆಡುತ್ತಿವೆ. ಕಾಯಿಲೆಯಿಂದ ನೊಂದವರಿಗೆ ಈ ಎರಡರ ನಡುವಿನ ಅಂತರ ಕಾಣಿಸುವುದಿಲ್ಲ. ಅದನ್ನು ತೋರಿಸಿಕೊಡುವ ಹೊಣೆ ವಿಷಯ ಬಲ್ಲವರದು.

ನನ್ನ ವಾದವನ್ನು ಮೊದಲಿಗೇ ಹೇಳಿಬಿಡುತ್ತೇನೆ. ಈ ಕ್ಷೇತ್ರದ ಯಾವುದೇ ಚಿಕಿತ್ಸೆಯನ್ನು ಅಳೆಯಲು ಮೂರು ಪ್ರಶ್ನೆಗಳು ಸಾಕು. ಕೊಟ್ಟ ಕೋಶ ರೋಗಿಯ ಚರ್ಮದಲ್ಲಿ ನೆಲೆ ನಿಂತಿತೇ? ವರ್ಷಗಳು ಕಳೆದ ಮೇಲೂ ಅದು ಹೊಸ ಚರ್ಮವನ್ನು ಹುಟ್ಟಿಸುತ್ತಿದೆಯೇ? ಈಗಿರುವ ಚರ್ಮ ಅದರದೇ ಸಂತತಿ ಎಂಬುದಕ್ಕೆ ಪುರಾವೆ ಇದೆಯೇ? ಚರ್ಮದ ಆಕರಕೋಶ ಚಿಕಿತ್ಸೆಯಲ್ಲಿ ಕಳೆದ ಐವತ್ತು ವರ್ಷಗಳಲ್ಲಿ ಏನೆಲ್ಲ ಗೆಲುವು ಸಿಕ್ಕಿದೆಯೋ ಅದೆಲ್ಲ ಈ ಪ್ರಶ್ನೆಗಳಿಗೆ ಉತ್ತರ ಕೊಟ್ಟೇ ಸಿಕ್ಕಿದೆ.

ಸದಾ ಹೊಸತಾಗುವ ಅಂಗ

ವಯಸ್ಕರ ಮೈಮೇಲೆ ಸುಮಾರು ಒಂದೂವರೆಯಿಂದ ಎರಡು ಚದರ ಮೀಟರ್ ಚರ್ಮವಿರುತ್ತದೆ. ಅದರಲ್ಲಿ ಮುಖ್ಯವಾಗಿ ಎರಡು ಪದರ. ಮೇಲಿನದು ಹೊರಚರ್ಮ. ಅದು ಬಹಳ ತೆಳು, ಬಹುತೇಕ ಕಡೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಕೆಳಗಿನದು ಒಳಚರ್ಮ. ರಕ್ತನಾಳ, ನರ, ಕೊಲಾಜೆನ್ ಎಳೆಗಳು ಇರುವುದು ಅಲ್ಲಿ. ಇವೆರಡನ್ನೂ ಒಂದಕ್ಕೊಂದು ಬಿಗಿದಿಡುವುದು ನಡುವಿನ ತಳಪೊರೆ.

ಹೊರಚರ್ಮದ ಬಹುಪಾಲು ಕೋಶಗಳು ಕೆರಟಿನೋಸೈಟ್‌ಗಳು. ಇವು ತಳಪದರದಲ್ಲಿ ಹುಟ್ಟಿ, ಮೇಲೇರುತ್ತ ಚಪ್ಪಟೆಯಾಗಿ, ಕೊನೆಗೆ ಸತ್ತ ಹೊಟ್ಟಾಗಿ ಉದುರುತ್ತವೆ. ಹುಟ್ಟಿನಿಂದ ಉದುರುವವರೆಗೆ ಹೆಚ್ಚುಕಡಿಮೆ ಒಂದು ತಿಂಗಳು. ಹೀಗೆ ತಿಂಗಳಿಗೊಮ್ಮೆ ಬದಲಾಗುವ ಹೊದಿಕೆ ಎಂಬತ್ತು ವರ್ಷ ಬಾಳುತ್ತದೆ ಎಂದಾದರೆ ತಳದಲ್ಲಿ ಕೆಲವು ಕೋಶಗಳು ತಾವು ಉದುರದೆ ಉಳಿದು, ತಮ್ಮಂಥವನ್ನೂ ಹುಟ್ಟಿಸುತ್ತ, ಮೇಲೇರುವವನ್ನೂ ಹುಟ್ಟಿಸುತ್ತಿರಬೇಕು. ಅವೇ ಆಕರಕೋಶಗಳು. ಇವುಗಳ ಇನ್ನೊಂದು ನೆಲೆ ರೋಮಕೂಪ. ಕೂದಲಿನ ಬುಡದಿಂದ ಕೊಂಚ ಮೇಲೆ ಉಬ್ಬಿದಂತಿರುವ ಭಾಗದಲ್ಲಿ ನಿಧಾನವಾಗಿ ವಿಭಜಿಸುವ ಕೋಶಗಳು ಇವೆ ಎಂಬುದನ್ನು 1990ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ತರಚು ಗಾಯ ಮಾಯುವಾಗ ಹೊಸ ಚರ್ಮ ಅಂಚಿನಿಂದ ಒಳಗೆ ಹರಿಯುವುದರ ಜೊತೆಗೆ ಗಾಯದ ನಡುವಿನ ರೋಮಕೂಪಗಳಿಂದಲೂ ಮೇಲೆ ಬರುತ್ತದೆ. ಆಳವಾಗಿ ಸುಟ್ಟಾಗ ರೋಮಕೂಪಗಳೂ ನಾಶವಾಗಿರುತ್ತವೆ. ಅಂಥ ಗಾಯ ತಾನಾಗಿ ಮುಚ್ಚದಿರುವುದಕ್ಕೆ ಇದೇ ಕಾರಣ.

ಬಾಟಲಿಯಲ್ಲಿ ಬೆಳೆದ ಚರ್ಮ

ಮನುಷ್ಯನ ಚರ್ಮಕೋಶವನ್ನು ಮೈಯಿಂದ ಹೊರಗೆ ಬೆಳೆಸುವುದು ಬಹುಕಾಲ ಕೈಗೂಡಿರಲಿಲ್ಲ. 1975ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜೇಮ್ಸ್ ರೈನ್‌ವಾಲ್ಡ್ ಮತ್ತು ಹವರ್ಡ್ ಗ್ರೀನ್ ಅದಕ್ಕೆ ದಾರಿ ತೋರಿಸಿದರು. ಅವರು ಮೊದಲು ಕೈಹಾಕಿದ್ದು ಚರ್ಮಕ್ಕಲ್ಲ, ಇಲಿಯ ಟೆರಟೋಮಾ ಎಂಬ ಗಡ್ಡೆಗೆ. ಆ ಗಡ್ಡೆಯ ಕೋಶಗಳ ನಡುವೆ ಕೆರಟಿನೋಸೈಟ್‌ಗಳು ಗುಂಪುಗಟ್ಟಿ ಬೆಳೆಯುವುದನ್ನು ಅವರು ಗಮನಿಸಿದರು. ಅವು ಬೆಳೆಯಲು ಪಕ್ಕದಲ್ಲಿ ಪೋಷಕ ಕೋಶಗಳ ಹಾಸು ಬೇಕು ಎಂಬುದನ್ನು ಕಂಡುಕೊಂಡರು. ವಿಕಿರಣಕ್ಕೆ ಒಡ್ಡಿ ವಿಭಜಿಸದಂತೆ ಮಾಡಿದ ಇಲಿಯ ಕೋಶಗಳನ್ನು ಕೆಳಗೆ ಹಾಸಿ, ಮೇಲೆ ಮನುಷ್ಯನ ಚರ್ಮಕೋಶಗಳನ್ನು ಬಿಟ್ಟಾಗ ಅವು ವಾರಗಟ್ಟಲೆ ವಿಭಜಿಸುತ್ತ ಹೋದವು.

ಈ ಕೆಲಸ ನಡೆಯುವ ಬಗೆಯನ್ನು ತುಸು ಹತ್ತಿರದಿಂದ ನೋಡೋಣ. ಕಂಕುಳು ಅಥವಾ ತೊಡೆಸಂದಿನಿಂದ ಅಂಚೆಚೀಟಿಗಿಂತ ಚಿಕ್ಕ ಚರ್ಮದ ತುಂಡನ್ನು ತೆಗೆಯುತ್ತಾರೆ. ಸಣ್ಣಗೆ ಕತ್ತರಿಸಿ ಟ್ರಿಪ್ಸಿನ್ ಎಂಬ ಕಿಣ್ವದಲ್ಲಿಟ್ಟರೆ ಕೋಶಗಳು ಒಂದರಿಂದೊಂದು ಬಿಡಿಸಿಕೊಳ್ಳುತ್ತವೆ. ಅವನ್ನು ಪೋಷಕ ಹಾಸಿನ ಮೇಲೆ ಬಿಟ್ಟು, ಮೈಯ ಬಿಸಿಯಷ್ಟೇ ಬಿಸಿಯಲ್ಲಿ ಇಡುತ್ತಾರೆ. ಕೆಲವು ದಿನಗಳಲ್ಲಿ ಗುಂಪುಗಳು ಕಾಣಿಸಿಕೊಂಡು, ಹರಡಿ, ಒಂದಕ್ಕೊಂದು ಕೂಡಿ ಹಾಳೆಯಾಗುತ್ತವೆ. ಮೂರು ನಾಲ್ಕು ವಾರಗಳಲ್ಲಿ ಮೂಲ ತುಂಡಿನ ಸಾವಿರಾರು ಪಟ್ಟು ವಿಸ್ತಾರ ಸಿಗುತ್ತದೆ. ಮತ್ತೊಂದು ಕಿಣ್ವದಿಂದ ಹಾಳೆಯನ್ನು ತಳದಿಂದ ಬಿಡಿಸಿ, ಗಾಜ್ ಬಟ್ಟೆಗೆ ಅಂಟಿಸಿ ಗಾಯದ ಮೇಲಿಡುತ್ತಾರೆ. ಕೆಲವೇ ಕೋಶಗಳಷ್ಟು ದಪ್ಪದ ಈ ಹಾಳೆ ಚಿಮಟದಲ್ಲಿ ಹಿಡಿದರೆ ಮುದುರಿಕೊಳ್ಳುವಷ್ಟು ನಾಜೂಕು.

1983ರಲ್ಲಿ ಬೋಸ್ಟನ್ನಿನ ಶ್ರೈನರ್ಸ್ ಸುಟ್ಟಗಾಯದ ಆಸ್ಪತ್ರೆಗೆ ವಯೋಮಿಂಗ್ ರಾಜ್ಯದ ಇಬ್ಬರು ಪುಟ್ಟ ಸೋದರರನ್ನು ತಂದರು. ಇಬ್ಬರ ಮೈಯೂ ನೂರಕ್ಕೆ ತೊಂಬತ್ತೈದು ಪಾಲಿಗಿಂತ ಹೆಚ್ಚು ಸುಟ್ಟಿತ್ತು. ಸಾಮಾನ್ಯ ಚರ್ಮಕಸಿಗೆ ಬೇಕಾದ ಒಳ್ಳೆಯ ಚರ್ಮವೇ ಉಳಿದಿರಲಿಲ್ಲ. ಕಂಕುಳಲ್ಲಿ ಉಳಿದಿದ್ದ ಎರಡು ಚದರ ಸೆಂಟಿಮೀಟರಿನಿಂದ ಬೆಳೆಸಿದ ಹಾಳೆಗಳು ಅವರ ಮೈಯ ಅರ್ಧದಷ್ಟನ್ನು ಮುಚ್ಚಿದವು. ಮಕ್ಕಳು ಬದುಕಿದರು. 1984ರಲ್ಲಿ ಪ್ರಕಟವಾದ ಈ ವರದಿಯಿಂದ ಕೋಶ ಚಿಕಿತ್ಸೆಯೆಂಬುದು ಪ್ರಯೋಗಶಾಲೆಯನ್ನು ದಾಟಿ ಆಸ್ಪತ್ರೆಯ ವಾರ್ಡಿಗೆ ಬಂತು. 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ತೀವ್ರ ಸುಟ್ಟಗಾಯಗಳಿಗೆ ಎಪಿಸೆಲ್ ಎಂಬ ಹಾಳೆಗೆ ಮಾನವೀಯ ನೆಲೆಯ ವಿಶೇಷ ಅನುಮತಿ ನೀಡಿತು. ಅದೇ ವರ್ಷ ಜಪಾನ್ ಜೇಸ್ ಎಂಬ ಉತ್ಪನ್ನಕ್ಕೆ ಒಪ್ಪಿಗೆ ಕೊಟ್ಟಿತು.

ಇದರ ಮಿತಿಯನ್ನೂ ಹೇಳಬೇಕು. ಇಲ್ಲಿ ಬೆಳೆಯುವುದು ಹೊರಚರ್ಮ ಮಾತ್ರ. ಕೆಳಗಿನ ಒಳಚರ್ಮ ಇಲ್ಲದಿದ್ದರೆ ಹಾಳೆ ಸರಿಯಾಗಿ ಹಿಡಿಯುವುದಿಲ್ಲ, ಗುಳ್ಳೆ ಏಳುತ್ತದೆ, ಚರ್ಮ ಸೆಳೆದುಕೊಂಡು ಕೀಲುಗಳು ಬಿಗಿಯುತ್ತವೆ. ಹೀಗೆ ಬಂದ ಚರ್ಮದಲ್ಲಿ ಬೆವರಿನ ಗ್ರಂಥಿಯೂ ಇರುವುದಿಲ್ಲ, ಕೂದಲೂ ಇರುವುದಿಲ್ಲ. ಜೀವ ಉಳಿಸುವ ಹೊದಿಕೆ ಸಿಕ್ಕಿದೆ, ಪೂರ್ಣ ಚರ್ಮ ಇನ್ನೂ ಸಿಕ್ಕಿಲ್ಲ.

ಯಾವ ಕೋಶ ಎಂಬ ಪ್ರಶ್ನೆ

ಬೋಸ್ಟನ್ನಿನ ಗೆಲುವಿನ ನಂತರ ಹಲವು ಕೇಂದ್ರಗಳು ಇದೇ ವಿಧಾನಕ್ಕೆ ಕೈಹಾಕಿದವು. ಕೆಲವು ಕಡೆ ಹಾಳೆ ಹಿಡಿದು ನಿಂತಿತು. ಇನ್ನು ಕೆಲವು ಕಡೆ ಮೊದಲು ಹಿಡಿದಂತೆ ಕಂಡು, ವಾರಗಳ ನಂತರ ಕರಗಿಹೋಯಿತು. ಎಲ್ಲರೂ ಬೆಳೆಸಿದ್ದು ಒಂದೇ ಬಗೆಯ ಹಾಳೆ, ಫಲ ಮಾತ್ರ ಬೇರೆಬೇರೆ.

ಈ ಒಗಟಿಗೆ ಕೀಲಿ 1987ರಲ್ಲೇ ಸಿಕ್ಕಿತ್ತು. ಯಾನ್ ಬರಾಂಡನ್ ಮತ್ತು ಹವರ್ಡ್ ಗ್ರೀನ್ ಒಂದೊಂದೇ ಕೋಶವನ್ನು ಬೇರ್ಪಡಿಸಿ, ಅದರ ಸಂತತಿ ಎಷ್ಟು ದೂರ ಹೋಗುತ್ತದೆ ಎಂದು ನೋಡಿದ್ದರು. ಕೋಶಗಳಲ್ಲಿ ಮೂರು ಬಗೆ ಕಂಡವು. ಹೋಲೋಕ್ಲೋನ್ ಹುಟ್ಟಿಸುವ ಕೋಶಗಳು ದೀರ್ಘಕಾಲ ವಿಭಜಿಸುತ್ತಲೇ ಹೋಗುತ್ತವೆ. ಪ್ಯಾರಾಕ್ಲೋನ್ ಹುಟ್ಟಿಸುವವು ಹೆಚ್ಚೆಂದರೆ ಹದಿನೈದು ತಲೆಮಾರಿನಲ್ಲಿ ಮುಗಿದುಹೋಗುತ್ತವೆ. ಮೆರೋಕ್ಲೋನ್ ನಡುವಿನವು. ಹಾಳೆಯಾದಾಗ ಇವು ಮೂರೂ ಕಣ್ಣಿಗೆ ಒಂದೇ ರೀತಿ ಕಾಣುತ್ತವೆ. ಅಡುಗೆಗಿಟ್ಟ ಅಕ್ಕಿಗೂ ಬಿತ್ತನೆಗಿಟ್ಟ ಭತ್ತಕ್ಕೂ ಮೂಲ ಒಂದೇ ಆದರೂ ಮುಂದಿನ ಬೆಳೆ ಬರುವುದು ಭತ್ತದಿಂದ ಮಾತ್ರ. ಹೋಲೋಕ್ಲೋನ್ ಇಲ್ಲದ ಹಾಳೆ ಗಾಯವನ್ನು ಕೆಲವು ವಾರ ಮುಚ್ಚಿ, ಒಂದೆರಡು ಸುತ್ತು ಉದುರಿ, ಬರಿದಾಗುತ್ತದೆ.

ಇಟಲಿಯ ಗ್ರಾಝಿಯೆಲ್ಲ ಪೆಲ್ಲೆಗ್ರೀನಿ ಮತ್ತು ಮಿಕೇಲೆ ದೆ ಲೂಕ ಈ ಅರಿವನ್ನು ಚಿಕಿತ್ಸೆಯ ಶಿಸ್ತಾಗಿ ಬೆಳೆಸಿದರು. ಕೋಶಗಳನ್ನು ಅಜಾಗರೂಕತೆಯಿಂದ ಬೆಳೆಸಿದರೆ ಆಕರಕೋಶಗಳೇ ಮೊದಲು ನಶಿಸುತ್ತವೆ ಎಂಬುದನ್ನು ಅವರು ಒತ್ತಿ ಹೇಳಿದರು. ಕಣ್ಣಿನ ಕಾರ್ನಿಯಾ ಸುಟ್ಟವರಿಗೆ ಇದೇ ತತ್ತ್ವದ ಮೇಲೆ ಅವರು ರೂಪಿಸಿದ ಹೋಲೋಕ್ಲಾರ್‌ಗೆ 2015ರಲ್ಲಿ ಯುರೋಪ್ ಒಪ್ಪಿಗೆ ನೀಡಿತು. ಯುರೋಪಿನಲ್ಲಿ ಒಪ್ಪಿಗೆ ಪಡೆದ ಮೊದಲ ಆಕರಕೋಶ ಉತ್ಪನ್ನ ಅದು. ಹೀಗಾಗಿ ಇಂಥ ಚಿಕಿತ್ಸೆಯಲ್ಲಿ ಎಷ್ಟು ಲಕ್ಷ ಕೋಶ ಕೊಟ್ಟೆವು ಎನ್ನುವ ಲೆಕ್ಕಕ್ಕೆ ಬೆಲೆ ಕಡಿಮೆ. ಅವುಗಳಲ್ಲಿ ಬಾಳುವ ಕೋಶ ಎಷ್ಟು ಎನ್ನುವುದೇ ಮುಖ್ಯ.

ಬೋಖುಮ್‌ನ ಬಾಲಕ

ಎಪಿಡರ್ಮೊಲೈಸಿಸ್ ಬುಲ್ಲೋಸಾ, ಚಿಕ್ಕದಾಗಿ ಇಬಿ, ಹುಟ್ಟಿನಿಂದಲೇ ಬರುವ ಕಾಯಿಲೆ. ಹೊರಚರ್ಮವನ್ನು ಒಳಚರ್ಮಕ್ಕೆ ಬಿಗಿಯುವ ಪ್ರೋಟೀನುಗಳಲ್ಲಿ ಒಂದು ದೋಷಪೂರಿತವಾಗಿರುತ್ತದೆ. ಅಂಗಿಯ ಹೊಲಿಗೆ ತಾಗಿದರೂ ಗುಳ್ಳೆ ಏಳುತ್ತದೆ, ಒಡೆದು ಹುಣ್ಣಾಗುತ್ತದೆ. ತೀವ್ರ ಬಗೆಗಳಲ್ಲಿ ಬೆರಳುಗಳು ಒಂದಕ್ಕೊಂದು ಅಂಟಿಹೋಗುತ್ತವೆ, ಹರೆಯದಲ್ಲೇ ಚರ್ಮದ ಕ್ಯಾನ್ಸರ್ ಬರಬಹುದು.

2015ರ ಜೂನ್‌ನಲ್ಲಿ ಜರ್ಮನಿಯ ಬೋಖುಮ್‌ನ ಸುಟ್ಟಗಾಯದ ವಿಭಾಗಕ್ಕೆ ಏಳು ವರ್ಷದ ಬಾಲಕನೊಬ್ಬ ದಾಖಲಾದ. ಸಿರಿಯಾದಿಂದ ಬಂದ ಕುಟುಂಬ. ಲ್ಯಾಮ್‌ಬಿ3 ಎಂಬ ಜೀನಿನ ದೋಷದಿಂದ ಬಂದ ಇಬಿ. ದಾಖಲಾಗುವಾಗಲೇ ಹೊರಚರ್ಮದ ಸುಮಾರು ನೂರಕ್ಕೆ 60ರಷ್ಟು ಕಳಚಿತ್ತು, ಸೋಂಕು ಮೈಯೆಲ್ಲ ಹರಡಿತ್ತು. ಮುಂದಿನ ವಾರಗಳಲ್ಲಿ ನಷ್ಟ 80ಕ್ಕೆ ಏರಿತು. ತಿಳಿದ ಚಿಕಿತ್ಸೆಗಳೆಲ್ಲ ಮುಗಿದಿದ್ದವು. ಆಗ ವೈದ್ಯರು ಇಟಲಿಯ ಮೊದೆನಾದ ದೆ ಲೂಕ ತಂಡವನ್ನು ಸಂಪರ್ಕಿಸಿದರು. ಆ ತಂಡ 2006ರಲ್ಲೇ ಇಂಥದೇ ರೋಗಿಯೊಬ್ಬರ ಕಾಲಿನ ಸ್ವಲ್ಪ ಭಾಗಕ್ಕೆ ಜೀನ್ ಸರಿಪಡಿಸಿದ ಚರ್ಮ ಕೂರಿಸಿದ ವರದಿ ಪ್ರಕಟಿಸಿತ್ತು.

ಬಾಲಕನ ತೊಡೆಸಂದಿನಲ್ಲಿ ಗುಳ್ಳೆಯಿಲ್ಲದ ಕಡೆಯಿಂದ ನಾಲ್ಕು ಚದರ ಸೆಂಟಿಮೀಟರ್ ಚರ್ಮ ತೆಗೆದರು. ರೆಟ್ರೊವೈರಸ್ ವಾಹಕದ ಮೂಲಕ ಕೋಶಗಳಿಗೆ ಸರಿಯಾದ ಜೀನ್ ಸೇರಿಸಿದರು. ಬೆಳೆಸಿದ ಹಾಳೆಗಳನ್ನು ಅಕ್ಟೋಬರ್, ನವೆಂಬರ್ ಮತ್ತು ಮರುವರ್ಷದ ಜನವರಿಯಲ್ಲಿ ಹಂತಹಂತವಾಗಿ ಕೂರಿಸಿದರು. ಒಟ್ಟು 0.85 ಚದರ ಮೀಟರ್. 2016ರ ಫೆಬ್ರುವರಿಯಲ್ಲಿ ಬಾಲಕ ಮನೆಗೆ ಹೋದ. 2017ರಲ್ಲಿ ಪ್ರಕಟವಾದ ವರದಿ, 2021ರ ಐದು ವರ್ಷಗಳ ವರದಿ, ಎರಡೂ ಆ ಚರ್ಮ ಗಟ್ಟಿಯಾಗಿ ನಿಂತಿದೆ ಎಂದು ದಾಖಲಿಸಿವೆ.

ಈ ಪ್ರಕರಣಕ್ಕೆ ಇಷ್ಟು ಜಾಗ ಕೊಡಲು ಕಾರಣವಿದೆ. ವೈರಸ್ ವಾಹಕ ಪ್ರತಿ ಕೋಶದ ಡಿಎನ್ಎಯಲ್ಲೂ ಬೇರೆಬೇರೆ ಜಾಗದಲ್ಲಿ ಸೇರಿಕೊಳ್ಳುತ್ತದೆ. ಹಾಗೆ ಸೇರಿದ ಜಾಗವೇ ಆ ಕೋಶದ ಮತ್ತು ಅದರ ಸಂತತಿಯ ಗುರುತು. ತಿಂಗಳುಗಳ ನಂತರ ಬಾಲಕನ ಚರ್ಮದಿಂದ ಮಾದರಿ ತೆಗೆದು ಈ ಗುರುತುಗಳನ್ನು ಓದಿದಾಗ ಸ್ಪಷ್ಟ ಉತ್ತರ ಸಿಕ್ಕಿತು. ಕೂರಿಸಿದ ಅಸಂಖ್ಯ ಕೋಶಗಳಲ್ಲಿ ಬಹುತೇಕ ಮರೆಯಾಗಿದ್ದವು. ಇಡೀ ಹೊದಿಕೆಯನ್ನು ನಡೆಸುತ್ತಿದ್ದದ್ದು ಹೋಲೋಕ್ಲೋನ್ ಹುಟ್ಟಿಸಬಲ್ಲ ಕೆಲವೇ ಕೋಶಗಳ ಸಂತತಿ. ನಾನು ಆರಂಭದಲ್ಲಿ ಇಟ್ಟ ಮೂರೂ ಪ್ರಶ್ನೆಗಳಿಗೆ ಒಬ್ಬನೇ ರೋಗಿಯ ಮೈಯಲ್ಲಿ ಪುರಾವೆ ಸಿಕ್ಕಿದ್ದು ಹೀಗೆ.

2025ರ ಏಪ್ರಿಲ್‌ನಲ್ಲಿ ಎಫ್‌ಡಿಎ ಇಬಿಯ ಇನ್ನೊಂದು ತೀವ್ರ ಬಗೆಗೆ ಝೆವಾಸ್ಕಿನ್ ಎಂಬ ಚಿಕಿತ್ಸೆಯನ್ನು ಒಪ್ಪಿತು. ಇದರಲ್ಲೂ ರೋಗಿಯದೇ ಚರ್ಮಕೋಶಕ್ಕೆ ಏಳನೇ ಬಗೆಯ ಕೊಲಾಜೆನ್ ತಯಾರಿಸುವ ಜೀನ್ ಸೇರಿಸಿ ಹಾಳೆ ಬೆಳೆಸುತ್ತಾರೆ. ಹನ್ನೊಂದು ರೋಗಿಗಳ 43 ಜೋಡಿ ಗಾಯಗಳಲ್ಲಿ ಒಂದಕ್ಕೆ ಹಾಳೆ, ಇನ್ನೊಂದಕ್ಕೆ ಮಾಮೂಲಿ ಆರೈಕೆ ಕೊಟ್ಟು ಹೋಲಿಸಿದರು. ಆರು ತಿಂಗಳಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಮಾಯ್ದ ಗಾಯಗಳು ಹಾಳೆ ಕೂರಿಸಿದ ಕಡೆ ನೂರಕ್ಕೆ 81, ಉಳಿದ ಕಡೆ 16. ರೋಗಿಗಳು ವಿರಳವಾದ ಕಾಯಿಲೆಯಲ್ಲೂ ಹೋಲಿಕೆಯ ಪರೀಕ್ಷೆ ನಡೆಸಬಹುದು ಎಂಬುದಕ್ಕೆ ಇದು ಮಾದರಿ. ಕಾಯಿಲೆ ಅಪರೂಪ, ಆದ್ದರಿಂದ ಪರೀಕ್ಷೆ ಸಾಧ್ಯವಿಲ್ಲ ಎನ್ನುವ ಸಬೂಬಿಗೆ ಇನ್ನು ಜಾಗವಿಲ್ಲ.

ತೊನ್ನು: ಮೈಯಲ್ಲೇ ಇರುವ ಆಕರ

ನಮಗೆ ಹೆಚ್ಚು ಪರಿಚಿತವಾದ ಕಾಯಿಲೆಗೆ ಬರೋಣ. ತೊನ್ನಿನಲ್ಲಿ ದೇಹದ ರಕ್ಷಣಾ ಕೋಶಗಳೇ ಬಣ್ಣ ತಯಾರಿಸುವ ಮೆಲನೋಸೈಟ್‌ಗಳನ್ನು ಕೊಲ್ಲುತ್ತವೆ. ಇದು ಅಂಟುರೋಗವಲ್ಲ, ಕುಷ್ಠವೂ ಅಲ್ಲ. ಆದರೂ ನಮ್ಮ ಸಮಾಜ ಇದರ ಹೆಸರಿನಲ್ಲಿ ಮದುವೆಗಳನ್ನು ಮುರಿದಿದೆ, ಮಕ್ಕಳನ್ನು ಶಾಲೆಯಲ್ಲಿ ದೂರ ಕೂರಿಸಿದೆ. ಈ ಅನ್ಯಾಯವನ್ನು ಯಾವ ಕೋಶ ಚಿಕಿತ್ಸೆಯೂ ಸರಿಪಡಿಸಲಾರದು. ಅದನ್ನು ನಾವೇ ಸರಿಪಡಿಸಬೇಕು.

ಔಷಧಿಗೆ ಒಗ್ಗುತ್ತಿರುವ ಬಿಳಿ ಮಚ್ಚೆಯನ್ನು ಹತ್ತಿರದಿಂದ ನೋಡಿದರೆ ಪ್ರತಿ ಕೂದಲಿನ ಬುಡದಲ್ಲೂ ಸಾಸಿವೆಯಷ್ಟು ಗಾತ್ರದ ಕಂದು ಚುಕ್ಕೆ ಕಾಣುತ್ತದೆ. ಚುಕ್ಕೆಗಳು ಹಿಗ್ಗುತ್ತ ಕೂಡಿಕೊಳ್ಳುತ್ತವೆ. ಇದರ ಕಾರಣ 2002ರಲ್ಲಿ ಜಪಾನಿನ ಎಮಿ ನಿಶಿಮುರಾ ಮತ್ತು ಸಂಗಡಿಗರು ಇಲಿಗಳಲ್ಲಿ ನಡೆಸಿದ ಅಧ್ಯಯನದಿಂದ ಸ್ಪಷ್ಟವಾಯಿತು. ಬಣ್ಣದ ಕೋಶಗಳ ಆಕರ ರೋಮಕೂಪದಲ್ಲಿದೆ. ಕೂದಲಿಲ್ಲದ ಬೆರಳ ತುದಿ, ಅಂಗೈಗಳಲ್ಲಿ ಬಣ್ಣ ಮರಳುವುದು ಕಷ್ಟವಾಗುವುದೂ, ಮಚ್ಚೆಯ ಮೇಲಿನ ಕೂದಲು ನರೆತಿದ್ದರೆ ಫಲ ಕಡಿಮೆಯಾಗುವುದೂ ಇದರಿಂದಲೇ ಅರ್ಥವಾಗುತ್ತವೆ. ನೇರಳಾತೀತ ಕಿರಣದ ಚಿಕಿತ್ಸೆ, 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ರುಕ್ಸೊಲಿಟಿನಿಬ್ ಮುಲಾಮು, ಇವು ರಕ್ಷಣಾ ಕೋಶಗಳ ದಾಳಿಯನ್ನು ತಗ್ಗಿಸುತ್ತವೆ. ಆಮೇಲೆ ಬಣ್ಣ ತುಂಬುವುದು ರೋಗಿಯ ಸ್ವಂತ ಆಕರಕೋಶಗಳೇ.

ಆ ಆಕರವೂ ಬರಿದಾದಾಗ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ತೊಡೆಯಿಂದ ತೆಳುವಾದ ಚರ್ಮ ತೆಗೆದು, ಟ್ರಿಪ್ಸಿನ್‌ನಲ್ಲಿ ಕೋಶಗಳನ್ನು ಬಿಡಿಸಿ, ಆ ದ್ರವವನ್ನು ಮೇಲ್ಪದರ ಉಜ್ಜಿ ತೆಗೆದ ಮಚ್ಚೆಯ ಮೇಲೆ ಹರಡಿ ಕಟ್ಟು ಕಟ್ಟುತ್ತಾರೆ. ತೆಗೆದ ಚರ್ಮದ ಹತ್ತು ಪಟ್ಟಿನವರೆಗಿನ ಜಾಗವನ್ನು ಮುಚ್ಚಬಹುದು. ಕೋಶಗಳನ್ನು ವಾರಗಟ್ಟಲೆ ಬೆಳೆಸುವ ಪ್ರಯೋಗಶಾಲೆ ಬೇಕಿಲ್ಲ, ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ. ದೆಹಲಿಯ ಏಮ್ಸ್, ಚಂಡೀಗಡದ ಪಿಜಿಐ ಮೊದಲಾದ ನಮ್ಮ ಸಂಸ್ಥೆಗಳ ಚರ್ಮವೈದ್ಯರು ಈ ವಿಧಾನವನ್ನು ಪಳಗಿಸಿದವರಲ್ಲಿ ಮುಂಚೂಣಿಯವರು. ರೋಮಕೂಪದಿಂದಲೇ ಕೋಶ ತೆಗೆಯುವ ಬಗೆಯನ್ನೂ ಪರೀಕ್ಷಿಸಿದ್ದಾರೆ. ಒಂದು ಷರತ್ತು ಮಾತ್ರ ಕಡ್ಡಾಯ. ಕನಿಷ್ಠ ಒಂದು ವರ್ಷದಿಂದ ಮಚ್ಚೆ ಹರಡದೆ ನಿಂತಿರಬೇಕು. ಇಲ್ಲವಾದರೆ ಹೊಸ ಕೋಶಗಳಿಗೂ ಹಳೆಯವುಗಳ ಗತಿಯೇ ಒದಗುತ್ತದೆ.

ನೆರವಿನ ಕೋಶ ಮತ್ತು ಮಾರುಕಟ್ಟೆಯ ಕೋಶ

ಇನ್ನೊಂದು ಬಗೆಯ ಕೋಶವಿದೆ. ಮೂಳೆಮಜ್ಜೆ, ಕೊಬ್ಬು, ಹೊಕ್ಕುಳಬಳ್ಳಿಯಿಂದ ತೆಗೆಯುವ ಮೀಸೆಂಕೈಮಲ್ ಕೋಶಗಳು. ಇವು ಚರ್ಮವಾಗಿ ನೆಲೆಸುವುದು ಅಪರೂಪ. ತಾವು ಸೂಸುವ ರಾಸಾಯನಿಕಗಳಿಂದ ಉರಿಯೂತ ತಗ್ಗಿಸುತ್ತವೆ, ರಕ್ತನಾಳ ಚಿಗುರಲು ನೆರವಾಗುತ್ತವೆ, ಕೆಲ ಕಾಲದ ನಂತರ ಅಳಿಯುತ್ತವೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ರೂಪಿಸಿದ ಸ್ಟೆಂಪ್ಯೂಸೆಲ್ ಈ ಬಗೆಯದು. ಬ್ಯೂರ್ಗರ್ ಕಾಯಿಲೆಯಿಂದ ಕಾಲಿಗೆ ರಕ್ತ ಸಾಲದೆ ಹುಣ್ಣಾದವರಿಗೆ ಅದನ್ನು ಬಳಸಲು 2016ರಲ್ಲಿ ಭಾರತದ ಔಷಧ ನಿಯಂತ್ರಕರು ಷರತ್ತುಬದ್ಧ ಒಪ್ಪಿಗೆ ನೀಡಿದರು. ಇಂಥ ಚಿಕಿತ್ಸೆ ಹೊಸ ಚರ್ಮ ಬೆಳೆಸುತ್ತೇನೆ ಎಂದು ಹೇಳಿಕೊಳ್ಳಬಾರದು. ನೆರವು ಎಷ್ಟು, ಎಷ್ಟು ಕಾಲ ಎಂಬುದನ್ನು ಹೋಲಿಕೆಯ ಪರೀಕ್ಷೆಯಲ್ಲಿ ತೋರಿಸಿದರೆ ಸಾಕು, ತೋರಿಸಲೇಬೇಕು.

ಈಗ ಅಂಗಡಿಯ ಮಾತು. ಸೇಬಿನ ಆಕರಕೋಶವಿದೆ ಎನ್ನುವ ಕ್ರೀಮಿನಲ್ಲಿ ಇರುವುದು ಸಸ್ಯಕೋಶದ ಸಾರ. ಕ್ರೀಮಿನ ಡಬ್ಬಿಯಲ್ಲಿ ಯಾವ ಕೋಶವೂ ಬದುಕಿರಲಾರದು. ಬದುಕಿದ್ದರೂ ಗಿಡದ ಕೋಶ ಮನುಷ್ಯನ ಚರ್ಮವಾಗಲಾರದು. ರೋಗಿಯದೇ ರಕ್ತದಿಂದ ಮಾಡುವ ಪಿಆರ್‌ಪಿ ಚುಚ್ಚುಮದ್ದಿಗೆ ತನ್ನದೇ ಉಪಯೋಗಗಳಿರಬಹುದು. ಅದನ್ನು ಸ್ಟೆಮ್‌ಸೆಲ್ ಎಂದು ಮಾರುವುದು ಸುಳ್ಳು. ಕೋಶಗಳು ಹೊರಹಾಕುವ ಎಕ್ಸೋಸೋಮ್ ಎಂಬ ಸೂಕ್ಷ್ಮ ಕಣಗಳ ಉತ್ಪನ್ನಗಳ ಬಗ್ಗೆ ಎಫ್‌ಡಿಎ 2019ರಲ್ಲೇ ಜನರನ್ನು ಎಚ್ಚರಿಸಿತ್ತು. ಹಾನಿಯ ಮಾತು ಕಲ್ಪನೆಯದೂ ಅಲ್ಲ. ಮುಖದ ಸುಕ್ಕಿಗೆಂದು ಕೊಬ್ಬಿನಿಂದ ತೆಗೆದ ಕೋಶಗಳನ್ನು ಕಣ್ಣಿನ ಸುತ್ತ ಚುಚ್ಚಿಸಿಕೊಂಡ ಮಹಿಳೆಯೊಬ್ಬರ ರೆಪ್ಪೆಯಲ್ಲಿ ಮೂಳೆಯ ಚೂರುಗಳು ಬೆಳೆದದ್ದು ಅಮೆರಿಕದಲ್ಲಿ ವರದಿಯಾಗಿದೆ.

ಭಾರತದಲ್ಲಿ ನಿಯಮ ಇಲ್ಲವೆಂದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆಕಸಿಯಂಥ ಒಪ್ಪಿತ ಬಳಕೆಯನ್ನು ಬಿಟ್ಟರೆ ಉಳಿದ ಆಕರಕೋಶ ಚಿಕಿತ್ಸೆಗಳು ಅನುಮತಿ ಪಡೆದ ಪ್ರಯೋಗದೊಳಗೇ ನಡೆಯಬೇಕು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಆಕರಕೋಶದಿಂದ ತಯಾರಾದ ಉತ್ಪನ್ನವನ್ನು ಹೊಸ ಔಷಧವೆಂದೇ ಪರಿಗಣಿಸುತ್ತವೆ. ಪ್ರಯೋಗದ ಹೆಸರಿನಲ್ಲಿ ರೋಗಿಯಿಂದ ಹಣ ಕೇಳುವವರು ಆ ಪ್ರಯೋಗದ ನೀತಿಯನ್ನೇ ಮುರಿಯುತ್ತಿದ್ದಾರೆ.

ನಮ್ಮ ಹೊಣೆ

ಝೆವಾಸ್ಕಿನ್‌ಗೆ ಅಮೆರಿಕದಲ್ಲಿ ಇಟ್ಟ ಬೆಲೆ ಸುಮಾರು 31 ಲಕ್ಷ ಡಾಲರ್, ಅಂದರೆ ಇಪ್ಪತ್ತೈದು ಕೋಟಿ ರೂಪಾಯಿಗೂ ಹೆಚ್ಚು. ಈ ಬೆಲೆಯಲ್ಲಿ ಅದು ನಮ್ಮ ಹಳ್ಳಿಯ ಮಗುವಿಗೆ ತಲುಪುವುದಿಲ್ಲ. ಆದರೆ ಕೋಶ ಬೆಳೆಸುವ ವಿದ್ಯೆ ಐವತ್ತು ವರ್ಷ ಹಳೆಯದು. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಚರ್ಮದ ಆಕರಕೋಶ ಮತ್ತು ಗಾಯ ಮಾಯುವ ಬಗೆಯ ಮೇಲೆ ಸಂಶೋಧನೆ ನಡೆದಿದೆ. ಅರಿವು ಇಲ್ಲಿದೆ, ರೋಗಿಗಳು ಇಲ್ಲಿದ್ದಾರೆ. ಭಾರತದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಮಧ್ಯಮ ಅಥವಾ ತೀವ್ರ ಸುಟ್ಟಗಾಯಕ್ಕೆ ಒಳಗಾಗುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಸಾರ್ವಜನಿಕ ಹಣದಲ್ಲಿ, ಸಾರ್ವಜನಿಕ ಆಸ್ಪತ್ರೆಗೆ ಅಂಟಿಕೊಂಡ ಕೋಶಕೃಷಿ ಕೇಂದ್ರವನ್ನು ಕೇಳುವ ಹಕ್ಕು ನಮಗಿದೆ.

ಅದು ಬರುವವರೆಗೂ ಮಾಡಬಹುದಾದ ಕೆಲಸಗಳಿವೆ. ಬೆಳೆಸಿದ ಹಾಳೆ ಸಿದ್ಧವಾಗಲು ವಾರಗಳು ಬೇಕು, ಅಲ್ಲಿಯವರೆಗೆ ಸುಟ್ಟ ರೋಗಿಯನ್ನು ಉಳಿಸುವುದು ದಾನದ ಚರ್ಮ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮ ಬ್ಯಾಂಕ್ ಇದೆ. ಮರಣದ ನಂತರ ಆರು ಗಂಟೆಯೊಳಗೆ ತೊಡೆ, ಬೆನ್ನಿನಿಂದ ತೆಳುವಾದ ಪದರವನ್ನಷ್ಟೇ ತೆಗೆಯುತ್ತಾರೆ. ಅಂತ್ಯಸಂಸ್ಕಾರಕ್ಕೆ ಅಡ್ಡಿಯಿಲ್ಲ. ಕಣ್ಣುದಾನಕ್ಕೆ ಸಿಕ್ಕ ಮನ್ನಣೆ ಚರ್ಮದಾನಕ್ಕೂ ಸಿಗಬೇಕು.

ಹುಟ್ಟಿದ ಮಗುವಿನ ಮೈಮೇಲೆ ಗುಳ್ಳೆಗಳು ಕಂಡರೆ ಹೆರಿಗೆ ಆಸ್ಪತ್ರೆಯಲ್ಲೇ ಇಬಿಯ ಸಂದೇಹ ಮೂಡಬೇಕು. ಅಂಟುಪಟ್ಟಿ ಹಚ್ಚಬಾರದು, ಗುಳ್ಳೆಯನ್ನು ಶುದ್ಧ ಸೂಜಿಯಿಂದ ಚುಚ್ಚಿ ನೀರು ಬಿಟ್ಟು ಮೇಲಿನ ಪೊರೆಯನ್ನು ಹಾಗೇ ಉಳಿಸಬೇಕು, ಅಂಟದ ಬಟ್ಟೆ ಕಟ್ಟಬೇಕು. ಜೀನ್ ಪರೀಕ್ಷೆ ಮಾಡಿಸಬೇಕು. ಇಬಿಯ ತೀವ್ರ ಬಗೆಗಳಲ್ಲಿ ಹಲವು, ತಂದೆತಾಯಿ ಇಬ್ಬರೂ ತಮಗೆ ಕಾಯಿಲೆಯಿಲ್ಲದೆಯೇ ದೋಷದ ಜೀನನ್ನು ಹೊತ್ತಿರುವಾಗ ಬರುತ್ತವೆ. ಆಗ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಸಾಧ್ಯತೆ. ಸೋದರಮಾವ, ಅತ್ತೆಮಗನೊಂದಿಗಿನ ಮದುವೆ ರೂಢಿಯಲ್ಲಿರುವ ನಮ್ಮ ಸೀಮೆಯಲ್ಲಿ ಈ ವಿಷಯವನ್ನು ಯಾರನ್ನೂ ದೂರದೆ, ತಾಯಿಯ ಮೇಲೆ ಹೊರಿಸದೆ, ತಿಳಿಹೇಳಬೇಕು.

ಕೊನೆಯದಾಗಿ, ಯಾರಾದರೂ ಸ್ಟೆಮ್‌ಸೆಲ್ ಚಿಕಿತ್ಸೆ ಕೊಡುತ್ತೇವೆ ಎಂದರೆ ಕೇಳಿ: ಕೋಶ ಎಲ್ಲಿಯದು, ನನ್ನ ಮೈಯಲ್ಲಿ ಅದು ಏನು ಮಾಡುತ್ತದೆ, ಎಷ್ಟು ಕಾಲ ಉಳಿಯುತ್ತದೆ, ಯಾವ ಪ್ರಾಧಿಕಾರ ಒಪ್ಪಿದೆ, ಒಪ್ಪಿದ ಪತ್ರ ಎಲ್ಲಿ? ಬೋಸ್ಟನ್, ಮೊದೆನಾ, ಬೋಖುಮ್‌ಗಳ ವೈದ್ಯರು ಇಂಥ ಪ್ರಶ್ನೆಗಳನ್ನು ತಮಗೆ ತಾವೇ ಹಾಕಿಕೊಂಡು, ಉತ್ತರವನ್ನು ಎಲ್ಲರೂ ಪರೀಕ್ಷಿಸುವಂತೆ ಪ್ರಕಟಿಸಿದರು. ಅದರಿಂದಲೇ ಮಕ್ಕಳು ಬದುಕಿದರು. ಅದೇ ಪ್ರಶ್ನೆಗಳನ್ನು ನಮ್ಮ ಆಸ್ಪತ್ರೆಗಳಲ್ಲಿ ಕನ್ನಡದಲ್ಲಿ ಕೇಳುವ ರೋಗಿಗಳೂ, ಕನ್ನಡದಲ್ಲಿ ಉತ್ತರಿಸುವ ವೈದ್ಯರೂ ಹೆಚ್ಚಾಗಲಿ ಎಂದು ಆಶಿಸುತ್ತ ನನ್ನ ಮಾತು ಮುಗಿಸುತ್ತೇನೆ.